ಕೆಳಗಿನ ಕೇರಿಯ ಬಾವಿ ನೀರು

ನನ್ನ ತಮ್ಮ ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ರಸಾಯನಶಾಸ್ತ್ರ ತೆಗೆದುಕೊಂಡ ವರ್ಷ ರಜೆಗೆ ಬಂದಾಗ ಅವನ ಬಲಗೈ ಬೆರಳುಗಳು ಕಪ್ಪಾಗಿದ್ದವು. ಅವ್ವ ಸೀಗೆಪುಡಿ ಹಚ್ಚಿ ತಿಕ್ಕಿದಳು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ಮಾಡಿದ ನೀರು ಬಿದ್ದರೆ ಹಾಗಾಗುತ್ತದೆ, ಚರ್ಮ ಉದುರಿದ ಮೇಲೆ ತಾನೇ ಹೋಗುತ್ತದೆ ಎಂದು ಅವನು ಹೇಳಿದ.

“ಬೆಳ್ಳಿ ಕರಗಿಸಿ ನೀರು ಮಾಡೂದು ಕಲಿಸ್ಯಾರ. ನೀರಿನಿಂದ ಬೆಳ್ಳಿ ಮಾಡೂದು ಯಾವ ವರ್ಷಕ್ಕ ಐತಿ?” ಎಂದು ಅಪ್ಪ ಕೇಳಿದ.

“ಅದು ಯಾವ ವರ್ಷಕ್ಕೂ ಇಲ್ಲಪ್ಪ.”

“ಹಂಗಾದ್ರ ಇದು ಖರ್ಚಿನ ವಿದ್ಯೇನ ಬಿಡು.”

ಅಪ್ಪ ಹಾಗೆ ಅಂದರೂ ಊರಲ್ಲಿ ಮಗನ ಬಗ್ಗೆ ಮಾತಾಡುವಾಗ ದನಿ ಏರಿಸುತ್ತಿದ್ದ. ಸವಣೂರಿನ ಅಂಚಿನಲ್ಲಿ ನಮ್ಮದು ವೀಳ್ಯದೆಲೆಯ ತೋಟ. ಎಲೆ ಬೆಳೆಯುವುದು, ಕೊಯ್ಯುವುದು, ಪೆಂಡಿ ಕಟ್ಟಿ ಬುಟ್ಟಿಗೆ ತುಂಬಿ ಸುತ್ತಲಿನ ಸಂತೆಗಳಿಗೆ ಒಯ್ಯುವುದು ನಮ್ಮ ಮನೆತನದ ಕೆಲಸ. ನಾನು ಕನ್ನಡ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಬುಟ್ಟಿ ಹೊತ್ತವನು. ಓದಲು ಬರೆಯಲು ಬರುತ್ತಿತ್ತು, ಲೆಕ್ಕ ಬರುತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಬೇಕೆಂದು ನನಗೂ ಅನ್ನಿಸಲಿಲ್ಲ. ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಅವನು ಮೆಟ್ರಿಕ್ ಪಾಸಾದಾಗ ಮುಂದೆ ಓದಿಸಬೇಕೆಂದು ಹಟ ಹಿಡಿದವನು ನಾನೇ. ಇದನ್ನು ನನ್ನ ಹೆಚ್ಚುಗಾರಿಕೆಗೆ ಬರೆಯುತ್ತಿಲ್ಲ. ಮುಂದೆ ಮಾಡಿದ್ದನ್ನು ಹೇಳುವ ಮೊದಲು ಅವನ ಮೇಲೆ ನನಗೆ ಮತ್ಸರವಿರಲಿಲ್ಲ ಎಂಬುದು ಗೊತ್ತಿರಲಿ ಎಂದು ಬರೆದಿದ್ದೇನೆ.

ಅದು ಎರಡನೆಯ ದೊಡ್ಡ ಯುದ್ಧದ ಕಾಲ. ರಸಾಯನಶಾಸ್ತ್ರ ಕಲಿತವರಿಗೆ ಕೆಲಸಕ್ಕೆ ಬರವಿರಲಿಲ್ಲ. ತಮ್ಮನ ಜೊತೆಗಾರರಲ್ಲಿ ಒಬ್ಬ ಸಕ್ಕರೆ ಕಾರ್ಖಾನೆಗೆ ಹೋಗುವವನಿದ್ದ, ಒಬ್ಬ ಮುಂಬಯಿಯ ಸಾಬೂನು ಕಾರ್ಖಾನೆಗೆ. ಮದ್ದುಗುಂಡಿನ ಕಾರ್ಖಾನೆಯವರಂತೂ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಕರೆಯುತ್ತಿದ್ದರಂತೆ. ತಮ್ಮನ ಮನಸ್ಸು ಬೇರೆ ಕಡೆ ಇತ್ತು. ಪುಣೆಯಲ್ಲಿ ಊರೂರಿನ ಕುಡಿಯುವ ನೀರನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯವಿತ್ತು. ಅಲ್ಲಿ ಸಹಾಯಕನ ಜಾಗ ಬೇಕೆಂದು ಅವನ ಆಸೆ. ಅದಕ್ಕೆ ಅವನ ಪ್ರಾಧ್ಯಾಪಕರ ಶಿಫಾರಸು ಬೇಕಿತ್ತು. ಆ ಪ್ರಾಧ್ಯಾಪಕರು ಸುಲಭಕ್ಕೆ ಯಾರಿಗೂ ಶಿಫಾರಸು ಮಾಡುವವರಲ್ಲ. ಪಾಠದ ಹೊರಗೆ ಸ್ವಂತದ ಒಂದು ಕೆಲಸ ಮಾಡಿ ಬರೆದು ತೋರಿಸಿದವರಿಗಷ್ಟೇ.

ಆ ರಜೆಯಲ್ಲಿ ಅವನು ಮನೆಯಲ್ಲೇ ತಯಾರಿ ನಡೆಸಿದ. ಕೆಳಗೆ ತಿರುಪು ಇರುವ ಉದ್ದನೆಯ ಗಾಜಿನ ನಳಿಗೆಯೊಂದನ್ನು ತಂದಿದ್ದ, ಒಂದು ಕಡೆ ಬಾಯಿ ಒಡೆದದ್ದು, ಕಾಲೇಜಿನವರು ಬಿಸಾಕಿದ್ದು. ಅದನ್ನು ಪಡಸಾಲೆಯ ಕಂಬಕ್ಕೆ ಕಟ್ಟಿ, ನೀರು ತುಂಬಿ, ತಿರುಪು ತಿರುಗಿಸಿ ಒಂದೇ ಹನಿ ಬೀಳಿಸುವುದನ್ನು ಸಾಧಿಸುತ್ತಿದ್ದ. ಎರಡು ಹನಿ ಬಿದ್ದರೆ ಮತ್ತೆ ಮೊದಲಿನಿಂದ. ನೀರಿನಲ್ಲಿರುವ ಉಪ್ಪನ್ನು ಹಾಗೆ ಹನಿ ಎಣಿಸಿಯೇ ಅಳೆಯುತ್ತಾರಂತೆ. ಅವ್ವ ರೊಟ್ಟಿ ಬಡಿಯುತ್ತಲೇ, “ಇಷ್ಟೊತ್ತಿಗೆ ಒಂದು ಕೊಡ ತುಂಬಿರತಿತ್ತು,” ಅನ್ನುವಳು.

ಸ್ವಂತದ ಕೆಲಸಕ್ಕೆ ಅವನು ನಮ್ಮ ಭಾಗದ ನೀರನ್ನೇ ಆರಿಸಿಕೊಂಡ. ನೀರು ಬಹಳ ದಿನ ಇಟ್ಟರೆ ಕೆಡುತ್ತದೆ, ಹಾಗಾಗಿ ತಾನು ಕಾಲೇಜಿಗೆ ಹಿಂತಿರುಗಿ ಪ್ರಯೋಗಾಲಯದಲ್ಲಿ ಜಾಗ ಮಾಡಿಕೊಂಡ ಮೇಲೆ ತುಂಬಿ ಕಳಿಸಬೇಕು. ತುಂಬುವವನು ನಾನು. ಹೊರಡುವ ಹಿಂದಿನ ದಿನ ಗಾಜಿನ ಬಿರಡೆಯ ಬಾಟ್ಲಿಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಊರಿನ ಹೆಸರಿನ ಚೀಟಿ ಅಂಟಿಸಿದ.

“ಅಣ್ಣ, ನೀ ಹೆಂಗೂ ಎಲಿ ತಗೊಂಡು ಸಂತಿಗೆ ಹೋಗ್ತಿ. ಶಿಗ್ಗಾವಿ ಬಾವಿದೊಂದು, ಹಾನಗಲ್ಲ ಕೆರಿದೊಂದು, ಹಿರೇಕೆರೂರಿಗೆ ಹೋದಾಗ ಮಾಸೂರ ಕೆರಿದೊಂದು. ನಮ್ಮ ಹಿತ್ತಲ ಬಾವಿದೊಂದು. ಕೆಳಗಿನ ಕೇರಿದೊಂದು.”

“ಕೆಳಗಿನ ಕೇರಿದು ಯಾಕ?”

“ಅದರ ಸಲುವಾಗೇ ಇದೆಲ್ಲ. ನಮ್ಮ ಬಾವಿಗೂ ಆ ಬಾವಿಗೂ ನಡುವ ಒಂದು ಹೊಲ ಐತಿ, ಅಷ್ಟ. ಅವರ ನೀರು ಸವುಳು, ಬ್ಯಾಳಿ ಬೇಯಂಗಿಲ್ಲ ಅಂತ ಊರೆಲ್ಲ ಅಂತಾರ. ಯಾರರ ಅಳದು ನೋಡ್ಯಾರೇನು?”

ಕೆಳಗಿನ ಕೇರಿ ಅಂದರೆ ನಾವು ಮುಟ್ಟಬಾರದವರೆಂದು ದೂರ ಇಟ್ಟಿದ್ದ ಜನರ ಕೇರಿ. ಅವರು ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದ್ದರು, ನಮ್ಮ ಬಾವಿಗೆ ಬರುವಂತಿರಲಿಲ್ಲ. ನಾವು ಅವರ ಬಾವಿಗೆ ಹೋಗುವ ಮಾತೇ ಇರಲಿಲ್ಲ. ಒಳಗೆ ಪೂಜೆಗೆ ಕುಳಿತಿದ್ದ ಅಪ್ಪನಿಗೆ ಈ ಮಾತು ಕೇಳಿಸಿತ್ತು. ಅವನು ಬೇಡ ಅನ್ನಲಿಲ್ಲ. ನಾನೂ ಆಗಲಿ ಅಂದೆ. ಆಗುವುದಿಲ್ಲ ಅನ್ನಬೇಕಾದ ಹೊತ್ತು ಅದೇ ಆಗಿತ್ತು.

ಉಳಿದ ಬಾಟ್ಲಿಗಳನ್ನು ಅವನು ಹೇಳಿದ ಹಾಗೆಯೇ ತುಂಬಿದೆ. ಅದೇ ನೀರಿನಿಂದ ಮೂರು ಸಲ ಗಲಬರಿಸಿ ತೊಳೆದು, ಗಾಳಿ ಉಳಿಯದಂತೆ ಬಾಯಿತನಕ ತುಂಬಿ, ಬಿರಡೆ ಒತ್ತಿ, ಅರಿವೆ ಸುತ್ತಿ. ಹಾನಗಲ್ಲಿನ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಬಾಟ್ಲಿ ಗಲಬರಿಸುವಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ನೋಡಿ, “ಏನ್ರಿ, ಎಲಿ ಬಿಟ್ಟು ನೀರು ಮಾರಾಕ ಹತ್ತೀರೇನು?” ಎಂದು ಕೇಳಿದಳು.

“ನಮ್ಮ ತಮ್ಮ ಧಾರವಾಡದಾಗ ನೀರು ಪರೀಕ್ಷಾ ಮಾಡ್ತಾನವ್ವಾ.”

“ನೀರಿಗೂ ಪರೀಕ್ಷಾ ಬಂತು? ನಪಾಸಾದ್ರ ತಿಳಿಸ್ರಿ ಮತ್ತ. ಅಲ್ಲೀತನಾ ಇದರಾಗ ಒಗೀತೇವಿ.”

ಹಿರೇಕೆರೂರಿನ ಮೋಟಾರು ಬಸ್ಸು ಆಗ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು, ದಿಬ್ಬ ಬಂದರೆ ಎಲ್ಲರೂ ಇಳಿದು ನಡೆಯಬೇಕು. ಅದರ ಕಂಡಕ್ಟರ ನನ್ನ ಬಾಟ್ಲಿಯ ಬಿರಡೆ ತೆಗೆದು ಮೂಸಿ ನೋಡಿ, ಸೆರೆ ಅಲ್ಲವೆಂದು ಗೊತ್ತಾಗಿ ನಿರಾಸೆಯಿಂದ ವಾಪಸು ಕೊಟ್ಟ. ಅವನು ಬಿರಡೆ ಮುಟ್ಟಿದನೆಂದು ನಾನು ಮಾಸೂರಿಗೆ ಮತ್ತೆ ಹೋಗಿ, ಆ ನೀರು ಚೆಲ್ಲಿ, ಹೊಸದಾಗಿ ತುಂಬಿಕೊಂಡು ಬಂದೆ. ಅಷ್ಟು ಶ್ರದ್ಧೆಯಿತ್ತು ನನಗೆ.

ಕೆಳಗಿನ ಕೇರಿಯ ಬಾಟ್ಲಿ ಮಾತ್ರ ಉಳಿಯಿತು. ಒಂದು ಮುಂಜಾನೆ ಅದನ್ನು ಹಿಡಿದುಕೊಂಡು ತೋಟದ ಬೇಲಿಯತನಕ ಹೋದೆ. ನಮ್ಮ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸಕ್ಕೆ ಬರುತ್ತಿದ್ದ ಆ ಕೇರಿಯ ಹಿರಿಯನೊಬ್ಬ ಅಲ್ಲಿದ್ದ. ತಮ್ಮ ಅವನಿಗೆ ಮೊದಲೇ ಹೇಳಿ ಹೋಗಿದ್ದನೆಂದು ಕಾಣುತ್ತದೆ.

“ಇಲ್ಲಿ ತರ್ರಿ ಧಣ್ಯಾರ, ಸೇದಿ ತುಂಬಿಕೊಡ್ತೇನಿ. ಸಣ್ಣ ಧಣ್ಯಾರು ಹೇಳ್ಯಾರ, ಮೂರು ಸಲ ತೊಳೀಬೇಕಂತ.”

ನಾನು ಕೈ ಚಾಚಿದವನು ಹಿಂದೆಗೆದುಕೊಂಡೆ. ಅವನು ಮುಟ್ಟಿದರೆ ನನಗೇನೋ ಆಗುತ್ತದೆಂದಲ್ಲ. ನನಗೆ ಕಂಡದ್ದು ನನ್ನ ಬುಟ್ಟಿ. ವೀಳ್ಯದೆಲೆ ಬಾಡದಂತೆ ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಿರಬೇಕು. ಎಲೆಯವನ ಬುಟ್ಟಿಯ ಪಕ್ಕ ಯಾವಾಗಲೂ ನೀರಿನ ಪಾತ್ರೆ ಇದ್ದೇ ಇರುತ್ತದೆ. ಆ ಎಲೆ ಮದುವೆಗೆ ಹೋಗುತ್ತದೆ, ಮಠಕ್ಕೆ ಹೋಗುತ್ತದೆ, ದೇವರ ಮುಂದೆ ಇಡುತ್ತಾರೆ. ಕೆಳಗಿನ ಕೇರಿಯ ನೀರು ಬಾಟ್ಲಿಯಲ್ಲಿ ತುಂಬಿ ನನ್ನ ಬುಟ್ಟಿಯಲ್ಲಿ ಇಟ್ಟುಕೊಂಡದ್ದನ್ನು ಒಬ್ಬ ನೋಡಿದರೆ ಸಾಕು, ಆ ನೀರನ್ನೇ ಎಲೆಗೆ ಹೊಡೆಯುತ್ತಾನೆ ಎಂಬ ಮಾತು ನನಗಿಂತ ಮೊದಲು ಸಂತೆ ಮುಟ್ಟುತ್ತಿತ್ತು. ಆಮೇಲೆ ನಮ್ಮ ಎಲೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಇದು ಬರಿಯ ಅಂಜಿಕೆಯಲ್ಲ, ಹಾಗೆ ಆಗುತ್ತಿದ್ದುದು ನಿಜ. ಆದರೆ ಬಾಟ್ಲಿಯನ್ನು ಬುಟ್ಟಿಯಲ್ಲೇ ಇಡಬೇಕೆಂದು ಯಾರು ಹೇಳಿದ್ದರು? ಕೈಯಲ್ಲಿ ಹಿಡಿದುಕೊಂಡು ಹೋಗಬಹುದಿತ್ತು. ಅದು ಆಗ ಹೊಳೆಯಲಿಲ್ಲ, ಅಥವಾ ಹೊಳೆಯುವುದು ನನಗೆ ಬೇಕಿರಲಿಲ್ಲ.

“ನಾಳೆ ನೋಡೋಣ,” ಎಂದು ಹಿಂತಿರುಗಿದೆ. ಮನೆಗೆ ಬಂದು ಹಿತ್ತಲ ಬಾವಿಯಿಂದ ಎರಡು ಬಾಟ್ಲಿ ತುಂಬಿದೆ. ಎರಡನ್ನೂ ಮೂರು ಮೂರು ಸಲ ಗಲಬರಿಸಿದೆ. ನಮ್ಮೂರಿಗೆ ಹತ್ತಿರದ ಯಲವಿಗಿ ಸ್ಟೇಶನ್ನಿಗೆ ಹೋಗಿ ಧಾರವಾಡಕ್ಕೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಎಲ್ಲವನ್ನೂ ಕೊಟ್ಟು ಕಳಿಸಿದೆ.

ನೀರೆಂದರೆ ನೀರು, ಅದರಲ್ಲೇನು ತಿಳಿದೀತು ಎಂದುಕೊಂಡಿದ್ದೆ.

ದೀಪಾವಳಿಗೆ ತಮ್ಮ ಬಂದಾಗ ಅವನ ಮುಖ ಅರಳಿತ್ತು. ಊಟಕ್ಕೆ ಕುಳಿತವನು ತಡೆಯಲಾರದೆ ಹೇಳಿದ. “ಅಪ್ಪ, ನಮ್ಮ ಬಾವಿ ನೀರು, ಕೆಳಗಿನ ಕೇರಿ ಬಾವಿ ನೀರು, ಎರಡೂ ಒಂದ. ಉಪ್ಪು ಅಷ್ಟ, ಗಡಸು ಅಷ್ಟ. ಒಂದು ಹನಿ ಫರಕು. ಸವುಳು ಅಂತ ಇಷ್ಟು ವರ್ಷ ಅಂದದ್ದು ನೀರಿಗಲ್ಲ, ಕುಡಿಯೋ ಮಂದಿಗೆ.”

ಅಪ್ಪ ಅನ್ನ ಕಲೆಸುತ್ತಲೇ ಇದ್ದ. “ಇದನ್ನ ಬರದು ಕೊಟ್ಟೇನಿ,” ಅಂದ ತಮ್ಮ. “ಸರ್ ಓದಿದ್ರ ಪುಣೇದ ಕೆಲಸ ಆದಂಗ.”

ಅವನು ಇಂಥ ಅರ್ಥ ಮಾಡಿಕೊಂಡಾನೆಂದು ನಾನು ಎಣಿಸಿರಲಿಲ್ಲ. ಒಳ್ಳೆಯ ಮನಸ್ಸಿನವನಿಗೆ ನಾನು ಸುಳ್ಳು ನೀರು ಕೊಟ್ಟಿದ್ದೆ, ಅವನು ಅದರಿಂದ ಒಳ್ಳೆಯ ಮಾತನ್ನೇ ತೆಗೆದಿದ್ದ. ಆ ಮಾತು ಸುಳ್ಳಾಗಿತ್ತು. ಊಟ ಮುಗಿಸಿ ಕೈ ತೊಳೆದು ತೋಟಕ್ಕೆ ಹೋದೆ. ಎರಡು ದಿನ ಅವನು ಮನೆಯಲ್ಲಿದ್ದ, ನಾನು ಹೆಚ್ಚಾಗಿ ತೋಟದಲ್ಲೇ ಇದ್ದೆ.

ಮುಂದಿನ ತಿಂಗಳು ಧಾರವಾಡಕ್ಕೆ ಬಾ ಎಂದು ಅವನ ಕಾಗದ ಬಂತು. ಎರಡು ಬಾವಿಯ ನೀರು ಇಷ್ಟು ಒಂದೇ ಆಗಿರಲು ಸಾಧ್ಯವಿಲ್ಲ ಎಂದು ಪ್ರಾಧ್ಯಾಪಕರು ಅಂದಿದ್ದರು. ಒಂದೋ ಹುಡುಗ ಒಂದನ್ನು ಅಳೆದು ಎರಡು ಕಡೆ ಬರೆದಿದ್ದಾನೆ, ಇಲ್ಲವೇ ಎರಡೂ ಬಾಟ್ಲಿಯಲ್ಲಿ ಇದ್ದದ್ದು ಒಂದೇ ನೀರು. ತುಂಬಿದವರನ್ನು ಕರೆದುಕೊಂಡು ಬಾ ಎಂದಿದ್ದರು. ತಮ್ಮನಿಗೆ ಸಿಟ್ಟು ಬಂದಿತ್ತು. ಮೇಲಿನ ಕೇರಿಯ ನೀರಿಗೂ ಕೆಳಗಿನ ಕೇರಿಯ ನೀರಿಗೂ ಭೇದವಿಲ್ಲ ಎಂಬುದು ಆ ಪ್ರಾಧ್ಯಾಪಕರಿಗೆ ಸೇರಿಲ್ಲ, ಅದಕ್ಕೇ ಹೀಗೆ ಅನ್ನುತ್ತಾರೆ ಎಂದು ಅವನ ತಿಳಿವಳಿಕೆ.

ಅವನ ಕಾಲೇಜಿನ ಪ್ರಯೋಗಾಲಯವನ್ನು ನಾನು ನೋಡಿದ್ದು ಅದೊಂದೇ ಸಲ. ಕೊಳೆತ ಮೊಟ್ಟೆಯ ವಾಸನೆ, ಸಾಲು ಸಾಲು ಸೀಸೆಗಳು, ಆಮ್ಲ ಬಿದ್ದು ತೂತಾದ ಮೇಜುಗಳು. ಪ್ರಾಧ್ಯಾಪಕರು ನನಗೆ ಕುರ್ಚಿ ಎಳೆದು ಕೊಟ್ಟರು. ನಾನು ಕೂರಲಿಲ್ಲ.

“ಕೂಡ್ರಿ. ಸಿಟ್ಟಾಗಬ್ಯಾಡ್ರಿ, ಒಂದ ಮಾತು ಕೇಳ್ತೇನಿ. ಆ ಕೇರಿ ನೀರು ನೀವ ತುಂಬಿದ್ರೇನ್ರಿ?”

“ಹೌದ್ರಿ.”

“ಆ ಬಾವಿದ?”

“ಆ ಬಾವಿದರಿ.”

“ಯಾರು ಸೇದಿ ಕೊಟ್ರು?”

“ನಮ್ಮ ತೋಟಕ್ಕ ಬರೋ ಹಿರ್ಯಾ ಒಬ್ಬಾವ ಅದಾನರಿ. ಅವ ಸೇದಿ ಕೊಟ್ಟ.”

ಸುಳ್ಳು ಇಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಪಕ್ಕದಲ್ಲಿ ತಮ್ಮ ಎದೆಯುಬ್ಬಿಸಿ ನಿಂತಿದ್ದ. ಪ್ರಾಧ್ಯಾಪಕರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಹಂಗಾದ್ರ ಆತು. ನಿಮ್ಮ ಮಾತು ನಂಬ್ತೇನಿ,” ಅಂದರು. ತಮ್ಮನ ಕಡೆ ತಿರುಗಿ, “ನೀ ಸ್ವತಃ ಹೋಗಿ ಆ ನೀರು ಇನ್ನೊಮ್ಮೆ ತಾ. ನನ್ನ ಮುಂದ ಅಳಿ. ಮೊದಲಿನಷ್ಟ ಬಂದ್ರ ನಾ ತಪ್ಪು ಅಂತ ಒಪ್ಗೋತೇನಿ, ಪುಣೇಕ್ಕ ನಾನ ಬರೀತೇನಿ,” ಅಂದರು.

ಆವತ್ತೇ ಇಬ್ಬರೂ ರೈಲಿನಲ್ಲಿ ಊರಿಗೆ ಹೊರಟೆವು. ಹುಬ್ಬಳ್ಳಿಯಲ್ಲಿ ತಮ್ಮ ನನಗೆ ಚಹಾ ಕೊಡಿಸಿದ. ಪುಣೆಯಲ್ಲಿ ಖೋಲಿ ಹಿಡಿದ ಮೇಲೆ ಅವ್ವನನ್ನು ಕರೆಸಿಕೊಳ್ಳುವ ಮಾತು ಆಡಿದ. ನಿಜ ಹೇಳಲು ಯಲವಿಗಿ ಬರುವತನಕ ನನಗೆ ಹೊತ್ತಿತ್ತು. ಹೇಳಲು ಬಾಯಿ ತೆರೆದು, “ತಮ್ಮಾ, ನಾನ ತುಂಬಿಕೊಂಡು ಬರ್ತೇನಿ, ನೀ ಮನ್ಯಾಗ ಇರು,” ಎಂದೆ.

“ಬ್ಯಾಡ. ಸರ್ ನನಗ ತರಾಕ ಹೇಳ್ಯಾರ. ನೀ ಬಾ, ಎಲ್ಲಿ ನಿಂತು ತುಂಬಿದಿ ತೋರ್ಸು.”

ಹೋದೆವು. ಹಗಲು ಹೊತ್ತು, ಕೇರಿಯ ಹೆಂಗಸರು ಬಾವಿಯ ಕಟ್ಟೆಯ ಮೇಲಿದ್ದರು. ನಮ್ಮನ್ನು ನೋಡಿ ಕೊಡ ಎತ್ತಿಕೊಂಡು ಸರಿದು ನಿಂತರು. ತೋಟದ ಹಿರಿಯ ಬಂದ. ತಮ್ಮ ನಗುತ್ತ, “ಮೊನ್ನೆ ಅಣ್ಣಗ ಸೇದಿ ಕೊಟ್ಟಂಗ ನನಗೂ ಒಂದು ಬಾಟ್ಲಿ ಕೊಡಪಾ,” ಅಂದ.

ಹಿರಿಯ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

“ನಾ ಸೇದಿಲ್ಲರಿ ಸಣ್ಣ ಧಣ್ಯಾರ. ಕೊಡ್ರಿ ಅಂತ ಕೇಳಿದ್ದೆ. ನಾಳೆ ಅಂದ್ರು. ಆ ನಾಳೆ ಇವತ್ತ ಬಂದೈತಿ ನೋಡ್ರಿ.”

ಹಿರಿಯ ಸೇದಿ ಹೊಯ್ದ ನೀರಿಗೆ ತಮ್ಮ ಬೊಗಸೆ ಒಡ್ಡಿ ಕುಡಿದ. ಒಂದು ಗುಟುಕು ಇಳಿಯಿತು, ಎರಡನೆಯದು ಬಾಯಲ್ಲೇ ನಿಂತಿತು.

ಕಟ್ಟೆಯ ಆಚೆ ಮುದುಕಿಯೊಬ್ಬಳು ನಕ್ಕಳು. “ಯಾಕ್ರಿ ಯಪ್ಪಾ, ಉಗುಳ್ರಿ ಉಗುಳ್ರಿ. ನಮಗೇನು ಬ್ಯಾಸರಿಲ್ಲ. ದಿನಾ ನುಂಗೋರು ನಾವು.”

ಅವನು ಉಗುಳಲಿಲ್ಲ. ನುಂಗಿ, ಬಾಟ್ಲಿ ಗಲಬರಿಸಿ, ತುಂಬಿ, ಬಿರಡೆ ಹಾಕಿದ. ಹೊಲದ ನಡುವಿನ ಕಾಲುದಾರಿಗೆ ಬಂದ ಮೇಲೆ ನಿಂತ.

“ಎರಡೂ ಮನಿ ಬಾವಿದ?”

“ಹೌದು.”

“ಯಾಕ?”

ನಾನು ಎಲೆಯ ಬುಟ್ಟಿಯ ಸಂಗತಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

“ಆಗಂಗಿಲ್ಲ ಅಂದಿದ್ರ ನಾನ ಬಂದು ತುಂಬತಿದ್ದೆ, ಅಣ್ಣ. ಹೋಗ್ಲಿ, ಆ ಬಾಟ್ಲಿ ಖಾಲಿ ಕಳಿಸಿದ್ರೂ ನಡೀತಿತ್ತು.”

ಆ ಬಾಟ್ಲಿಯನ್ನು ಅವನು ಕೈಯಲ್ಲೇ ಹಿಡಿದುಕೊಂಡು ಪೇಟೆಯ ನಡುವೆ ಹಾದು ಸ್ಟೇಶನ್ನಿಗೆ ಹೋದ. ಏನದು ಎಂದು ಯಾರೂ ಕೇಳಲಿಲ್ಲ.

ನೀರು ಅಳೆದದ್ದಾಯಿತು. ನಮ್ಮ ಬಾವಿಯ ನೀರಿಗಿಂತ ಅದರಲ್ಲಿ ಉಪ್ಪು ಎಷ್ಟೋ ಪಟ್ಟು ಹೆಚ್ಚಿತ್ತು. ಪ್ರಾಧ್ಯಾಪಕರು ಪುಣೆಗೆ ಬರೆಯಲಿಲ್ಲ. ಪರೀಕ್ಷೆಯಲ್ಲಿ ತಮ್ಮ ಎರಡನೆಯ ವರ್ಗದಲ್ಲಿ ಪಾಸಾದ. ಸಕ್ಕರೆ ಕಾರ್ಖಾನೆಗೂ ಹೋಗದೆ ಹಿರೇಕೆರೂರಿನಲ್ಲಿ ಶಾಲೆಯ ವಿಜ್ಞಾನ ಮಾಸ್ತರಾದ. ಆ ಕೆಲಸಕ್ಕೆ ಸೇರಲು ಹೊರಟಾಗ ಅವನ ಟ್ರಂಕು ಹೊತ್ತುಕೊಂಡು ನಾನೂ ಜೊತೆಗೆ ಹೋದೆ. ಮೋಟಾರು ದಿಬ್ಬದಲ್ಲಿ ನಿಂತು ಎಲ್ಲರೂ ಇಳಿದು ನಡೆಯುವಾಗ ಕೇಳಿದೆ.

“ಸರ್ ಮುಂದ ಏನಂತ ಹೇಳಿದಿ?”

“ಒಂದ ಬಾಟ್ಲಿ ಎರಡು ಸಲ ಅಳದಿದ್ದೆ, ಚೀಟಿ ನೋಡಿರಲಿಲ್ಲ, ನನ್ನ ತಪ್ಪು ಅಂತ ಹೇಳಿದೆ.”

“ನನ್ನ ಹೆಸರು ಹೇಳಬೇಕಿತ್ತು.”

“ನೀ ಅಲ್ಲಿ ನಿಂತು, ಆ ಹಿರ್ಯಾನ ಹೆಸರೂ ತಗದು ಹೇಳಿ ಹೋಗಿದ್ದಿ. ನಾ ಮತ್ತ ಏನು ಹೇಳಬೇಕಿತ್ತು, ನಮ್ಮಣ್ಣ ಸುಳ್ಳು ಹೇಳ್ಯಾನ ಅಂತನೇನು?”

ಚೀಟಿ ನೋಡದೆ ಅಳೆಯುವವನನ್ನು ನೀರಿನ ಪ್ರಯೋಗಾಲಯಕ್ಕೆ ಯಾರು ತಾನೆ ಶಿಫಾರಸು ಮಾಡುತ್ತಾರೆ? ಪ್ರಾಧ್ಯಾಪಕರದು ತಪ್ಪಿರಲಿಲ್ಲ. ತಮ್ಮ ಒಂದೊಂದೇ ಹನಿ ಬೀಳಿಸಲು ಕಂಬದ ಮುಂದೆ ದಿನವಿಡೀ ನಿಂತದ್ದನ್ನು ಅವರು ಕಂಡಿರಲಿಲ್ಲ, ನಾನು ಕಂಡಿದ್ದೆ. ಹೋಗಿ ಹೇಳುತ್ತೇನೆ ಎಂದು ಅವತ್ತು ದಿಬ್ಬದ ಮೇಲೆ ಮನಸ್ಸಿನಲ್ಲೇ ಅಂದುಕೊಂಡೆ. ಪುಣೆಯ ಆ ಜಾಗ ಇನ್ನೂ ತುಂಬಿರಲಿಲ್ಲ.

ಹೋಗಲಿಲ್ಲ. ಎಲೆ ಕೊಯ್ಯುವ ಕಾಲ, ಅಪ್ಪನಿಗೆ ಜ್ವರ, ಹೀಗೆ ಒಂದಲ್ಲ ಒಂದು ಇತ್ತು. ಜಾಗ ಬೇರೆಯವರಿಗೆ ಹೋಯಿತೆಂದು ಕೇಳಿದಾಗ ಇನ್ನು ಹೇಳಿ ಏನು ಎಂದು ಸಮಾಧಾನ ಮಾಡಿಕೊಂಡೆ.

ಯುದ್ಧ ಮುಗಿದ ಮೇಲೆ ನಾನು ಧಾರವಾಡದ ಪೇಟೆಗೂ ಎಲೆ ಒಯ್ಯತೊಡಗಿದೆ. ಒಂದು ಸಂಜೆ ಆ ಪ್ರಾಧ್ಯಾಪಕರು ನನ್ನ ಬುಟ್ಟಿಯ ಮುಂದೆ ನಿಂತರು. ಮನೆಯಲ್ಲಿ ಏನೋ ಕಾರ್ಯವಿತ್ತಂತೆ, ಒಳ್ಳೆಯ ಎಲೆ ಬೇಕೆಂದರು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ನೀವು ಆ ನೀರಿನ ಹುಡುಗನ ಅಣ್ಣಾರಲ್ಲರಿ? ಎಲ್ಲಿ ಅದಾನ ಅವ?”

“ಹಿರೇಕೆರೂರಾಗ ಮಾಸ್ತರ್ ಅದಾನರಿ.”

“ಚೊಲೊ ಆತು. ಶಾಣ್ಯಾ ಇದ್ದ. ಆದರ ಕೆಲಸದಾಗ ಲಕ್ಷ್ಯ ಸಾಲ್ತಿರಲಿಲ್ಲ. ಅದೊಂದು ಇದ್ದಿದ್ರ ಎಲ್ಲಿಗೋ ಹೋಗತಿದ್ದ.”

ಸಂಜೆಯ ಪೇಟೆ, ಸುತ್ತ ಗಿರಾಕಿಗಳಿದ್ದರು. ನನ್ನ ಕೈ ಪೆಂಡಿಯ ದಾರ ಬಿಗಿಯುತ್ತಿತ್ತು. ಅವರು ಉತ್ತರಕ್ಕೆ ಕಾಯುತ್ತ ನಿಂತರು. ಅವರಿಗೆ ಅವಸರವಿರಲಿಲ್ಲ.

“ಹೌದ್ರಿ,” ಎಂದೆ. ಎಲೆಯ ಮೇಲೆ ನೀರು ಚಿಮುಕಿಸಿ, ಪೆಂಡಿ ಅವರ ಕೈಗೆ ಕೊಟ್ಟೆ.